ಟ್ರ್ಯಾಕ್ ಜಾಸ್ತಿ, ಜನ ಕಮ್ಮಿ

ಯಡಿಯೂರು, ಜಯನಗರ, ಬನಶಂಕರಿ ಕಡೆಯ ನಮ್ಮಂಥ ಸಾಫ್ಟ್‌ವೇರ್ ಮಂದಿಯ ಮನೆಗಳಲ್ಲಿ ಈಗ ದೇವರ ಕೋಣೆ ಪಕ್ಕದಲ್ಲೇ ಇನ್ನೊಂದು ಗರ್ಭಗುಡಿ ಎದ್ದಿದೆ. ಅದರ ಹೆಸರು ಹೋಮ್ ಸ್ಟುಡಿಯೋ. ಗೋಡೆಗೆ ಕಪ್ಪು ಫೋಮು, ಮೇಜಿನ ಮೇಲೆ ಆಡಿಯೋ ಇಂಟರ್‌ಫೇಸು, ಕೈ ಚಾಚಿದ ಸ್ಟ್ಯಾಂಡಿಗೆ ನೇತುಬಿದ್ದ ಕಂಡೆನ್ಸರ್ ಮೈಕು, ಎರಡು ಮಾನಿಟರ್ ಸ್ಪೀಕರು, ನೀಲಿ ಬೆಳಕಿನ ಎಲ್‌ಇಡಿ ಪಟ್ಟಿ. ಎಲ್ಲ ಇದೆ ಸ್ವಾಮಿ, ಹಾಡೊಂದಿಲ್ಲ. ಕೇಳಿದರೆ 'ಇನ್ನೂ ಕಲೀತಾ ಇದೀನಿ ಗುರೂ, ಒಂದು ಒಳ್ಳೇ ಪ್ರೀಆಂಪ್ ತಗೊಂಡ್ಮೇಲೆ ಶುರು ಮಾಡ್ತೀನಿ' ಅಂತ ಉತ್ತರ ಬರುತ್ತೆ.

ಅವರ ದುಡ್ಡು, ಅವರ ಕೋಣೆ, ನಿನಗ್ಯಾಕಯ್ಯಾ ಹೊಟ್ಟೆನೋವು ಅಂತೀರಾ? ಹೇಳ್ತೀನಿ. ನನಗೆ ಆ ಫೋಮಿನ ಮೇಲೆ ಸಿಟ್ಟಿಲ್ಲ. ಆ ಕೋಣೆಯಲ್ಲಿ ಒಂದೇ ಒಂದು ಕುರ್ಚಿ ಇರುತ್ತಲ್ಲ, ಅದರ ಮೇಲೆ ಸಿಟ್ಟು. ಮಲ್ಟಿಟ್ರ್ಯಾಕ್ ರೆಕಾರ್ಡಿಂಗ್ ಅಂದರೆ ಹಲವು ಧ್ವನಿಗಳನ್ನು ಬೇರೆ ಬೇರೆ ಹಿಡಿದು ಆಮೇಲೆ ಹದವಾಗಿ ಕೂಡಿಸುವ ಕೆಲಸ. ಹಲವು ಧ್ವನಿ ಅಂದ ಮೇಲೆ ಹಲವು ಜನ ಇರಬೇಕಲ್ಲವಾ? ನಾವು ಅದನ್ನು ಒಬ್ಬನೇ ಕೂತು ಎಂಬತ್ತು ಟ್ರ್ಯಾಕ್ ತುಂಬಿಸುವ ವಿದ್ಯೆ ಮಾಡ್ಕೊಂಡುಬಿಟ್ಟಿದೀವಿ. ಡ್ರಮ್ಸ್ ಒಂದು ಸ್ಯಾಂಪಲ್ ಪ್ಯಾಕಿನದು, ತಬಲ ಇನ್ನೊಂದು ಪ್ಯಾಕಿನದು, ಕೊಳಲು ಕೀಬೋರ್ಡಿನದು, ಹಿಂದೆ ಹಾಡುವ ಹತ್ತು ಕೊರಳೂ ನಮ್ಮದೇ. ಈ ರೀತಿ ಕಲಿಯೋದರಿಂದ ಕಲಿಯುವವನಿಗೂ ನಷ್ಟ, ಹಾಡಿಗೂ ನಷ್ಟ, ಪಕ್ಕದ ಬೀದಿಯಲ್ಲಿರುವ ವಾದ್ಯದವರಿಗಂತೂ ಊಟಕ್ಕೇ ನಷ್ಟ ಅನ್ನೋದು ನನ್ನ ವಾದ.

ಸ್ವಲ್ಪ ಹಿಂದಕ್ಕೆ ಹೋಗೋಣ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗೆ ಹಾಡಿದಾಗ ಟ್ರ್ಯಾಕೂ ಇರಲಿಲ್ಲ, ಮೈಕೂ ಇರಲಿಲ್ಲ. ಒಂದು ದೊಡ್ಡ ಕಹಳೆಯ ಬಾಯಿಗೆ ಮುಖ ಕೊಟ್ಟು ಹಾಡಬೇಕು, ಸುಮಾರು ಮೂರು ನಿಮಿಷದಲ್ಲಿ ಮುಗಿಸಬೇಕು, ನಡುವೆ ತಪ್ಪಿದರೆ ಮತ್ತೆ ಮೊದಲಿಂದ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಬೇಕಾದರೆ ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು ಅಂತ ಕಹಳೆ ಮುಂದೆ ನಿಲ್ಲುವ ಮೊದಲೇ ತೀರ್ಮಾನ ಆಗಿರಬೇಕು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಈ ದೇಶದ ರೆಕಾರ್ಡಿಂಗ್ ಚರಿತ್ರೆಯ ಮೊದಲ ಪುಟಕ್ಕೂ ನಮಗೂ ಅಷ್ಟರ ಮಟ್ಟಿಗೆ ನಂಟಿದೆ.

1957ರಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಕೈಗೆ ಆಂಪೆಕ್ಸ್ ಕಂಪನಿಯ 8 ಟ್ರ್ಯಾಕಿನ ಯಂತ್ರ ಬಂತು. ಹತ್ತು ವರ್ಷ ಬಿಟ್ಟು 1967ರಲ್ಲಿ ಬೀಟಲ್ಸ್ ತಂಡ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮ್ ಮಾಡಿದ್ದು 4 ಟ್ರ್ಯಾಕಿನ ಯಂತ್ರಗಳಲ್ಲಿ. ನಾಲ್ಕೂ ತುಂಬಿದ ಮೇಲೆ ಅವನ್ನೆಲ್ಲ ಮಿಶ್ರ ಮಾಡಿ ಇನ್ನೊಂದು ಯಂತ್ರದ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಿ, ಉಳಿದ ಜಾಗದಲ್ಲಿ ಮುಂದಿನದನ್ನು ತುಂಬಬೇಕು. ಒಮ್ಮೆ ಇಳಿಸಿದ ಮೇಲೆ ಡ್ರಮ್ಸ್ ಜೋರಾಯ್ತು, ಗಿಟಾರ್ ಕಮ್ಮಿಯಾಯ್ತು ಅಂತ ಹಿಂದೆ ಹೋಗೋ ಹಾಗಿಲ್ಲ. ಆ ಆಲ್ಬಮ್ಮಿನ ಕೊನೇ ಹಾಡಿಗೆ 40 ಮಂದಿಯ ವಾದ್ಯಗೋಷ್ಠಿಯನ್ನು ಕರೆಸಿದ್ದರು. ಲೆಕ್ಕ ಹಾಕಿ ನೋಡಿ: ಅಲ್ಲಿ ಟ್ರ್ಯಾಕ್ ನಾಲ್ಕು, ಜನ ನಲವತ್ತು. ಇವತ್ತು 60 ಡಾಲರಿನ ರೀಪರ್ ತಂತ್ರಾಂಶದಲ್ಲಿ ಎಷ್ಟು ಬೇಕೋ ಅಷ್ಟು ಟ್ರ್ಯಾಕು, ಜನ ಮಾತ್ರ ಒಬ್ಬ.

ನಮ್ಮ ಕಡೆಯ ಕಥೆಯೂ ಬೇರೆ ಏನಲ್ಲ. ಬಹಳ ಕಾಲ ಕನ್ನಡ ಸಿನಿಮಾ ಹಾಡುಗಳ ಮುದ್ರಣಕ್ಕೆ ಮದ್ರಾಸಿಗೇ ಹೋಗಬೇಕಿತ್ತು. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಅವರ ಕಾಲದಲ್ಲಿ ಒಂದು ಹಾಲಿನಲ್ಲಿ ಪಿಟೀಲಿನವರು, ತಬಲದವರು, ಕೊಳಲಿನವರು, ಗಾಯಕರು ಎಲ್ಲ ಒಟ್ಟಿಗೆ ಕೂತು ನುಡಿಸಿ ಹಾಡುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಇನ್ನೊಂದು ಸಲ. ಹಾಗಾಗಿ ಹಾಲಿನ ಬಾಗಿಲು ತೆರೆಯುವ ಮುಂಚೆಯೇ ಹಾಡು ಕಾಗದದ ಮೇಲೆ ತಯಾರಾಗಿರುತ್ತಿತ್ತು. ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸಿ, ಸಹಾಯಕರಾಗಿ ಪಳಗಿದ ಇಳಯರಾಜ ಅವರು ಆಮೇಲೆ ಒಂದೊಂದು ವಾದ್ಯದ ಪಾಲನ್ನೂ ಸ್ವರಲಿಪಿಯಲ್ಲಿ ಬರೆದು ಕೈಗೆ ಕೊಡುವುದಕ್ಕೇ ಹೆಸರಾದರು. 1981ರ 'ಗೀತಾ' ಸಿನಿಮಾದ ಹಾಡುಗಳನ್ನು ಇವತ್ತು ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಯಾವ ವಾದ್ಯವೂ ಇನ್ನೊಂದರ ಕಾಲು ತುಳಿಯಲ್ಲ. ಅದು ಪ್ಲಗಿನ್ ಮಾಡಿದ ಕೆಲಸ ಅಲ್ಲ, ಪೆನ್ನು ಮಾಡಿದ ಕೆಲಸ.

ಆ ಸಿನಿಮಾ ಮಾಡಿದ ಶಂಕರ್ ನಾಗ್ ಅವರೇ ಮುಂದೆ ಅಣ್ಣ ಅನಂತ್ ನಾಗ್ ಜೊತೆ ಸೇರಿ ಬೆಂಗಳೂರಿನಲ್ಲಿ 'ಸಂಕೇತ್' ಅನ್ನುವ ಧ್ವನಿಮುದ್ರಣ ಸ್ಟುಡಿಯೋ ಕಟ್ಟಿದರು. ಕನ್ನಡದವರು ಎಲ್ಲದಕ್ಕೂ ಮದ್ರಾಸಿನ ರೈಲು ಹತ್ತೋದು ತಪ್ಪಲಿ ಅಂತ. ಅಂದರೆ ಅವರು ಯಂತ್ರ ತಂದದ್ದು ಇಲ್ಲಿನ ಜನಕ್ಕೆ ಇಲ್ಲೇ ಕೆಲಸ ಸಿಗಲಿ ಅಂತ. ಅವರ ನೆನಪಿನಲ್ಲಿ ಜೆ.ಪಿ. ನಗರದಲ್ಲಿ 2004ರಲ್ಲಿ ಶುರುವಾದ ರಂಗಶಂಕರಕ್ಕೆ ನಾವು ನಾಟಕ ನೋಡೋಕೆ ಹೋಗ್ತೀವಿ, ಕಾಫಿ ಕುಡಿದು ಫೋಟೋ ಹಾಕ್ತೀವಿ. ಆ ಮನುಷ್ಯ ಸ್ಟುಡಿಯೋ ಯಾಕೆ ಕಟ್ಟಿದರು ಅನ್ನೋದನ್ನ ಮಾತ್ರ ಮರೆತು, ಯಂತ್ರ ಬಂದ ಕೂಡಲೇ ಜನರನ್ನು ಬಾಗಿಲಾಚೆ ನಿಲ್ಲಿಸಿದೀವಿ.

ಈಗ ಬನ್ನಿ, ನಮ್ಮ ಏರಿಯಾದ ಸಂಪತ್ತು ನೋಡೋಣ. ಯಡಿಯೂರು ಕೆರೆ ಸುತ್ತ ಬೆಳಗ್ಗೆ ಒಂದು ರೌಂಡ್ ಹಾಕಿ, ಸೌತ್ ಎಂಡ್ ಸರ್ಕಲ್ ಕಡೆಗೋ ಬಸವನಗುಡಿ ಕಡೆಗೋ ಕಾಲು ಹಾಕಿ. ಎಷ್ಟು ಮನೆಗಳಿಂದ ಸರಳೆ ವರಸೆ ಕೇಳುತ್ತೆ, ಎಷ್ಟು ಗೇಟಿನ ಮೇಲೆ ವೀಣೆ, ವಯೊಲಿನ್, ಮೃದಂಗ ಹೇಳಿಕೊಡಲಾಗುವುದು ಅನ್ನುವ ಬೋರ್ಡು ಕಾಣುತ್ತೆ ಎಣಿಸಿ. ಕೆ.ಆರ್. ರಸ್ತೆಯಲ್ಲಿ 1905ರಲ್ಲಿ ಹುಟ್ಟಿದ ಗಾಯನ ಸಮಾಜ ಇದೆ. ಜಯನಗರ 8ನೇ ಬ್ಲಾಕಿನ ಜಯರಾಮ ಸೇವಾ ಮಂಡಳಿಯಲ್ಲಿ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿಗೆ ವಾರಗಟ್ಟಲೆ ಕಛೇರಿ ನಡೆಯುತ್ತೆ. ಗಣೇಶನ ಹಬ್ಬ ಬಂದರೆ ಬೀದಿಬೀದಿಯ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ. ಇಂಥ ಜಾಗದಲ್ಲಿ ಕೂತು ನಾವು 'ಇಂಡಿಯನ್ ಎಥ್ನಿಕ್ ಪರ್ಕಶನ್' ಅನ್ನುವ ಫೋಲ್ಡರ್ ಡೌನ್‌ಲೋಡ್ ಮಾಡ್ಕೋತೀವಿ. ಅಂಗಳದಲ್ಲೇ ಬಾವಿ ಇಟ್ಟುಕೊಂಡು ಬಾಟಲಿ ನೀರು ತರಿಸ್ಕೊಳ್ಳೋದು ಅಂದ್ರೆ ಇದೇ.

ಇದಕ್ಕೆ ಬರುವ ಮೊದಲ ಪ್ರತಿವಾದ ನನಗೆ ಗೊತ್ತು. 'ತಂತ್ರಜ್ಞಾನ ಅಗ್ಗವಾಗಿದ್ದರಿಂದಲೇ ಹಳ್ಳಿ ಹುಡುಗರಿಗೂ ಸಂಗೀತ ಮಾಡೋಕೆ ಸಾಧ್ಯ ಆಯ್ತು, ಇಲ್ಲದಿದ್ದರೆ ಸ್ಟುಡಿಯೋ ಬಾಡಿಗೆ ಕೊಡೋರು ಯಾರು?' ಒಪ್ಪಿದೆ, ನೂರಕ್ಕೆ ನೂರು ಒಪ್ಪಿದೆ. ಹಳ್ಳಿಯಿಂದ ಬಂದವನಾಗಿ ನಾನೇ ಮೊದಲು ಒಪ್ತೀನಿ. ಆದರೆ ಆ ಹಳ್ಳಿ ಹುಡುಗರು ಏನು ಮಾಡಿದರು ಅಂತಲೂ ನೋಡಿ. ಕುಂದಾಪುರದ ಹತ್ತಿರದ ಬಸ್ರೂರಿನ ರವಿ ಬಸ್ರೂರು 2018ರ 'ಕೆಜಿಎಫ್' ಮೂಲಕ ದೇಶಕ್ಕೆಲ್ಲ ಪರಿಚಯ ಆದರು. ಅವರ ಸ್ಟುಡಿಯೋ ಇರುವುದು ಬಸ್ರೂರಿನಲ್ಲೇ. ಆ ಹಾಡುಗಳಲ್ಲಿ ಎದೆಗೆ ಬಡಿಯೋದು ಏನು? ಗುಂಪಿನ ಕೊರಳು. ಆಟ ನೋಡಿ ಬೆಳೆದ ಸೀಮೆಯವರಿಗೆ ಹಿಮ್ಮೇಳ ಇಲ್ಲದೆ ಮುಮ್ಮೇಳ ಇಲ್ಲ ಅಂತ ಯಾರೂ ಪಾಠ ಮಾಡಬೇಕಾಗಿಲ್ಲ. ನಮ್ಮೂರಿನ ಶನಿವಾರದ ಭಜನೆಯಲ್ಲೂ ಅಷ್ಟೇ: ಹಾರ್ಮೋನಿಯಂ ಒಬ್ಬರದು, ತಬಲ ಒಬ್ಬರದು, ತಾಳ ನಾಲ್ಕು ಜನರದು, ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳೋದು. ಯಂತ್ರ ಅಗ್ಗವಾದದ್ದು ಇಂಥ ಗುಂಪುಗಳ ಹಾಡು ಹಿಡಿಯೋಕೆ ಅನುಕೂಲ ಆಗ್ಬೇಕಿತ್ತು. ನಗರದ ನಾವು ಅದನ್ನು ಗುಂಪಿನಿಂದ ತಪ್ಪಿಸಿಕೊಳ್ಳೋಕೆ ಬಳಸಿದೀವಿ.

ಎರಡನೇ ಪ್ರತಿವಾದದ ಹೆಸರು ಬಿಲ್ಲಿ ಐಲಿಷ್. 'ಆ ಹುಡುಗಿ ಅಣ್ಣನ ಬೆಡ್‌ರೂಮಿನಲ್ಲಿ ರೆಕಾರ್ಡ್ ಮಾಡಿ ಗ್ರ್ಯಾಮಿ ಹೊಡೆದಳು' ಅಂತ ಹೇಳದ ಹೋಮ್ ಸ್ಟುಡಿಯೋ ಭಕ್ತ ಇಲ್ಲ. ನಿಜ, 2019ರ ಆಲ್ಬಮ್, 2020ರಲ್ಲಿ ನಾಲ್ಕೂ ದೊಡ್ಡ ಗ್ರ್ಯಾಮಿ. ಅಣ್ಣ ಫಿನಿಯಸ್ ಮನೆಯಲ್ಲೇ ಮಾಡಿದ್ದು. ಆದರೆ ಅದನ್ನು ಮಿಕ್ಸ್ ಮಾಡಿದ್ದು ರಾಬ್ ಕಿನೆಲ್ಸ್ಕಿ, ಮಾಸ್ಟರಿಂಗ್ ಮಾಡಿದ್ದು ಜಾನ್ ಗ್ರೀನ್‌ಹ್ಯಾಮ್. ಬೆಡ್‌ರೂಮಿನಿಂದ ಹೊರಬಿದ್ದ ಹಾಡನ್ನು ಬೇರೆ ಇಬ್ಬರ ಕಿವಿ ಕೇಳಿ, ತಿದ್ದಿ, ಹದ ಮಾಡಿದೆ. ಹಾಡು ಬರೆದದ್ದು ಕೂಡ ಇಬ್ಬರು ಎದುರುಬದುರು ಕೂತು. ನಮ್ಮವರು ಆ ಕಥೆಯಲ್ಲಿ ಬೆಡ್‌ರೂಮನ್ನು ಮಾತ್ರ ಇಟ್ಟುಕೊಂಡು ಮನುಷ್ಯರನ್ನೆಲ್ಲ ಡಿಲೀಟ್ ಮಾಡಿದಾರೆ.

ಮೂರನೇದು ಹೊಸದು: 'ಜನ ಯಾಕೆ, ಎರಡು ಸಾಲು ಪ್ರಾಂಪ್ಟ್ ಕೊಟ್ಟರೆ ಎಐ ಇಡೀ ಹಾಡು ಮಾಡಿಕೊಡುತ್ತೆ.' ಕೊಡುತ್ತೆ. ಹೋಟೆಲಿನಿಂದ ಊಟ ತರಿಸಿದರೂ ಹೊಟ್ಟೆ ತುಂಬುತ್ತೆ, ಅಡುಗೆ ಬಂದ ಹಾಗೆ ಆಗಲ್ಲ. ಇಲ್ಲಿ ಮಾತಾಡ್ತಿರೋದು ಕಲಿಯೋದರ ಬಗ್ಗೆ. ಹಾಡು ಬೇಕು ಅಷ್ಟೇ ಅನ್ನೋರಿಗೆ ನನ್ನ ಹತ್ರ ಏನೂ ಹೇಳೋಕಿಲ್ಲ, ಆ ಮೈಕು ಇಂಟರ್‌ಫೇಸು ಮಾರಿಬಿಡಿ.

ಇನ್ನು ಕಲಿಕೆಯ ಮಾತು. ಲೂಪುಗಳಿಂದ ಮಲ್ಟಿಟ್ರ್ಯಾಕ್ ಕಲಿಯೋಕೆ ಯಾಕಾಗಲ್ಲ? ಯಾಕಂದರೆ ಲೂಪು ಬೇರೆ ಯಾರೋ ಕಷ್ಟಪಟ್ಟು ರೆಕಾರ್ಡ್ ಮಾಡಿ, ಸೋಸಿ, ತಾಳಕ್ಕೆ ಕೂರಿಸಿ ಕೊಟ್ಟಿರುವ ಸಿದ್ಧ ಅಡುಗೆ. ಕಲಿಯಬೇಕಾದ ಭಾಗವೆಲ್ಲ ಅಲ್ಲಿ ಮುಗಿದುಹೋಗಿದೆ. ಒಬ್ಬ ಮೃದಂಗದವರನ್ನು ಕೂರಿಸಿ ನೋಡಿ, ಅರ್ಧ ಗಂಟೆಯಲ್ಲಿ ಹತ್ತು ಪಾಠ. ಮೃದಂಗಕ್ಕೆ ಎರಡು ಮುಖ, ಎರಡೂ ಕಡೆ ಮೈಕ್ ಇಟ್ಟರೆ ಎರಡು ಟ್ರ್ಯಾಕುಗಳ ಅಲೆಗಳು ಒಂದನ್ನೊಂದು ಹೊಡೆದುಹಾಕಿ ಶಬ್ದ ಸೊರಗಬಹುದು. ಒಂದು ಟ್ರ್ಯಾಕಿನ ಪೊಲ್ಯಾರಿಟಿ ತಿರುಗಿಸಿ ಕೇಳಬೇಕು, ಯಾವುದರಲ್ಲಿ ಎಡಭಾಗ ತುಂಬಿ ಬರುತ್ತೋ ಅದನ್ನು ಇಟ್ಟುಕೊಳ್ಳಬೇಕು. ಮೈಕ್ ನಾಲ್ಕು ಬೆರಳು ಹಿಂದೆ ಸರಿಸಿದರೆ ನಾದವೇ ಬೇರೆ. ಗಾಯಕಿಯ ಹೆಡ್‌ಫೋನಿನಿಂದ ಸೋರುವ ಟಿಕ್ ಟಿಕ್ ಅವರ ಮೈಕಿಗೇ ಬಂದುಬಿಡುತ್ತೆ. ವಾದಕರಿಗೆ ಸುಸ್ತಾದರೆ ಏಳನೇ ಟೇಕಿಗಿಂತ ಎರಡನೆಯದೇ ಚೆನ್ನಾಗಿರುತ್ತೆ. ಇದ್ಯಾವುದೂ ಸ್ಯಾಂಪಲ್ ಫೋಲ್ಡರಿನಲ್ಲಿ ಇಲ್ಲ. ತೋಡಿಯ ಗಾಂಧಾರ ಕೀಬೋರ್ಡಿನ ಯಾವ ಕೀಲಿ ಮೇಲೂ ಕೂತಿಲ್ಲ, ಅದು ತೂಗಾಡುವ ಸ್ವರ. ಅದನ್ನು ಹಾಡುವವರ ಎದುರು ಮೈಕ್ ಇಡದೆ ಅದನ್ನು ಹಿಡಿಯೋ ವಿದ್ಯೆ ಬರಲ್ಲ.

'ನಮ್ಮ ಮನೇಲಿ ಗಲಾಟೆ, ಅದಕ್ಕೇ ಫೋಮ್ ಹಾಕ್ಸಿದೀನಿ' ಅನ್ನೋರಿಗೆ ಒಂದು ಕಹಿ ಸತ್ಯ: ಆ ಫೋಮು ಹೊರಗಿನ ಶಬ್ದವನ್ನು ತಡೆಯೋದೇ ಇಲ್ಲ. ಶಬ್ದ ತಡೆಯೋಕೆ ತೂಕ ಬೇಕು, ಗೋಡೆ ದಪ್ಪ ಇರಬೇಕು, ಬಾಗಿಲ ಸಂದು ಮುಚ್ಚಿರಬೇಕು. ಫೋಮು ಕೋಣೆಯೊಳಗೆ ಪ್ರತಿಫಲಿಸುವ ಹೆಚ್ಚಿನ ಆವರ್ತನದ ಸದ್ದನ್ನು ಮಾತ್ರ ಸ್ವಲ್ಪ ಹೀರುತ್ತೆ. ಬೆಂಗಳೂರಿನ ಬಿಲ್ಡರ್‌ಗಳ ಇಷ್ಟದೇವತೆಯಾದ ಹತ್ತು ಬೈ ಹತ್ತು ಅಡಿ ಕೋಣೆಯ ಗಣಿತ ಇನ್ನೂ ಮಜಾ. ಹತ್ತು ಅಡಿ ಅಂದರೆ ಸುಮಾರು 3.05 ಮೀಟರ್, ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಹಾಗಾಗಿ ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನಲ್ಲಿ ಅಲೆ ನಿಂತುಬಿಡುತ್ತೆ. ಉದ್ದ ಅಗಲ ಎರಡೂ ಒಂದೇ ಆದ್ದರಿಂದ ಅದೇ ಗುಂಯ್‌ಗುಡುವಿಕೆ ದುಪ್ಪಟ್ಟು, ಚಾವಣಿಯೂ ಹತ್ತು ಅಡಿ ಇದ್ದರೆ ಮುಪ್ಪಟ್ಟು. ಎರಡು ಇಂಚಿನ ಫೋಮು ಅದರ ಕೂದಲೂ ಕೊಂಕಿಸಲ್ಲ. ಬಟ್ಟೆ ತುಂಬಿದ ಬೀರು ಬಾಗಿಲು ತೆರೆದಿಟ್ಟು, ಹಾಸಿಗೆಯನ್ನು ಗೋಡೆಗೆ ಒರಗಿಸಿ, ಮೈಕನ್ನು ಹಾಡುವವರ ಬಾಯಿಗೆ ಒಂದು ಗೇಣು ದೂರಕ್ಕೆ ತಂದರೆ ಅದಕ್ಕಿಂತ ಚೆನ್ನಾಗಿ ಬರುತ್ತೆ.

ಗಲಾಟೆಗೆ ಮದ್ದು ವೇಳಾಪಟ್ಟಿ. ಬೆಳಗ್ಗೆ ಕಸದ ಆಟೋದ ಹಾಡು, ಸೊಪ್ಪಿನವರ ಕೂಗು, ಮೇಲಿನ ಮನೆಯ ಕುಕ್ಕರ್, ಕೆಳಗಿನ ಮನೆಯ ಮಿಕ್ಸಿ. ಸಂಜೆ ಕನಕಪುರ ರಸ್ತೆಯ ಹಾರ್ನು. ಮಧ್ಯಾಹ್ನ ಎರಡರಿಂದ ನಾಲ್ಕು ನಮ್ಮ ಬೀದಿಗಳಿಗೆ ತೂಕಡಿಕೆ. ಹಾಡುಗಾರಿಕೆ, ವೀಣೆಯಂಥ ಮೆತ್ತನೆಯದ್ದನ್ನು ಆ ಎರಡು ಗಂಟೆಗೆ ಇಟ್ಟುಕೊಳ್ಳಿ. ಕೀಬೋರ್ಡು, ನೇರ ವಯರ್ ಹಾಕುವ ಬೇಸ್ ಗಿಟಾರ್ ಇವಕ್ಕೆ ಮೈಕೇ ಬೇಡ, ಹಾಗಾಗಿ ಕುಕ್ಕರ್ ಎಷ್ಟು ವಿಷಲ್ ಹಾಕಿದರೂ ಚಿಂತೆಯಿಲ್ಲ. ಸಾವಿರಾರು ರೂಪಾಯಿ ಉಳಿಯಿತಲ್ಲ, ಅದನ್ನು ಎಲ್ಲಿ ಖರ್ಚು ಮಾಡಬೇಕು ಅಂತ ಆಮೇಲೆ ಹೇಳ್ತೀನಿ.

ನಮ್ಮ ಆಫೀಸುಗಳಲ್ಲಿ ಡಿಸೈನ್ ಬರೆಯದೆ ಕೋಡ್ ಮುಟ್ಟಿದರೆ ರಿವ್ಯೂನಲ್ಲಿ ಸುಲಿದುಹಾಕ್ತಾರೆ. ಯಾವ ಕೆಲಸ ಯಾವುದರ ಮೇಲೆ ನಿಂತಿದೆ, ಯಾರು ಯಾವಾಗ ಬಿಡುವು, ಕೆಟ್ಟರೆ ಹಿಂದಕ್ಕೆ ಹೋಗೋದು ಹೇಗೆ, ಎಲ್ಲ ಬರೆದಿಡೋರು ನಾವು. ಅದೇ ನಾವು ಹಾಡಿನ ಮುಂದೆ ಕೂತಾಗ ಮಾತ್ರ 'ಕಲೆಗೆ ಪ್ಲಾನ್ ಇರಲ್ಲ' ಅಂತೀವಿ. ಕಲೆಗೆ ಇರಲಿಕ್ಕಿಲ್ಲ, ರೆಕಾರ್ಡಿಂಗಿಗೆ ಇರಲೇಬೇಕು. ಒಂದು ಪುಟ ಸಾಕು. ಹಾಡಿನ ಶ್ರುತಿ ಏನು, ವೇಗ ಎಷ್ಟು, ಪಲ್ಲವಿ ಚರಣಗಳ ನಡುವೆ ಎಷ್ಟು ಆವರ್ತ ವಾದ್ಯ, ಯಾವ ವಾದ್ಯ ಎಲ್ಲಿ ಸೇರಿ ಎಲ್ಲಿ ಸುಮ್ಮನಾಗಬೇಕು, ಯಾವ ದಿನ ಯಾರು ಬರ್ತಾರೆ.

ಇದರಲ್ಲಿ ಶ್ರುತಿ ತಪ್ಪಿದರೆ ಎಲ್ಲಾ ತಪ್ಪಿತು. ಶ್ರುತಿ ತೀರ್ಮಾನ ಮಾಡಬೇಕಾದವರು ಹಾಡುವವರು. ನಾವು ಕೀಬೋರ್ಡಿನ ಬಿಳಿ ಕೀಲಿ ಸುಲಭ ಅಂತ ಒಂದು ಶ್ರುತಿ ಹಿಡಿದು ಅರ್ಧ ಹಾಡು ಕಟ್ಟಿರ್ತೀವಿ, ಹಾಡುವವರಿಗೆ ಅದು ಮೇಲೆ ಮುಟ್ಟಲ್ಲ ಕೆಳಗೆ ಇಳಿಯಲ್ಲ. ಕೊಳಲಿನವರಿಗೆ ಶ್ರುತಿ ಮೊದಲೇ ಹೇಳಿದರೆ ಆ ಶ್ರುತಿಯ ಕೊಳಲು ತರ್ತಾರೆ. ಮೃದಂಗವನ್ನು ಸ್ವಲ್ಪ ಮಟ್ಟಿಗೆ ಏರಿಸಿ ಇಳಿಸಬಹುದೇ ಹೊರತು ಐದು ಮನೆಯದನ್ನು ಒಂದು ಮನೆಗೆ ತರೋಕಾಗಲ್ಲ, ಬೇರೆ ಮೃದಂಗವೇ ಬೇಕು. ಇದನ್ನು ಹಿಂದಿನ ವಾರ ಒಂದು ಫೋನ್ ಮಾಡಿ ಹೇಳಿದರೆ ಮುಗೀತು. ಹೇಳದಿದ್ದರೆ ಅವರು ಬನಶಂಕರಿಯಿಂದ ಆಟೋದಲ್ಲಿ ಮೃದಂಗ ಹೊತ್ತುಕೊಂಡು ಬಂದದ್ದು ದಂಡ.

ಮೊದಲ ದಿನ ತಂಬೂರಿ, ಟಿಕ್ ಟಿಕ್ ಜೊತೆ ಒರಟಾಗಿ ಹಾಡಿಸಿದ ಒಂದು ಗೈಡ್ ಟ್ರ್ಯಾಕ್. ಅದನ್ನು ಎಲ್ಲ ವಾದಕರಿಗೂ ಕಳಿಸಿ, ಅವರು ಮನೆಯಲ್ಲಿ ಕೂತು ನುಡಿಸಿ ನೋಡಲಿ. ಎರಡನೇ ದಿನ ತಾಳವಾದ್ಯ. ಮೂರನೇ ದಿನ ಶ್ರುತಿವಾದ್ಯ. ನಾಲ್ಕನೇ ದಿನ ಗೈಡ್ ತೆಗೆದುಹಾಕಿ ನಿಜವಾದ ಹಾಡುಗಾರಿಕೆ, ಹಿಂದಿನ ಕೊರಳುಗಳು. ಹಿಂದಿನ ಕೊರಳಿಗೆ ಸಾಫ್ಟ್‌ವೇರ್ ಬೇಡ, ನಾಲ್ಕು ಜನ ಸ್ನೇಹಿತರನ್ನು ಒಂದು ಮೈಕಿನ ಸುತ್ತ ನಿಲ್ಲಿಸಿ ಸಾಕು. ಎಲ್ಲರಿಗೂ ಒಂದೇ ಸ್ಯಾಂಪಲ್ ರೇಟ್, ಪ್ರತಿ ಫೈಲಿಗೂ ಅರ್ಥವಾಗುವ ಹೆಸರು, ಪ್ರತಿ ಸಂಜೆ ಎರಡು ಕಡೆ ಬ್ಯಾಕಪ್. ನಾಲ್ಕು ಭಾನುವಾರ, ಹನ್ನೆರಡು ಟ್ರ್ಯಾಕು, ಒಂದು ಮುಗಿದ ಹಾಡು. ಎಂಬತ್ತು ಟ್ರ್ಯಾಕಿನ ಮುಗಿಯದ ಪ್ರಾಜೆಕ್ಟ್ ಫೈಲಿಗಿಂತ ಇದರಿಂದ ಕಲಿಯೋದು ಹೆಚ್ಚು.

ಪ್ಲಾನಿನಲ್ಲಿ ಹಕ್ಕಿನ ಮಾತೂ ಬರಬೇಕು. 'ನಮ್ಮ ಕವಿಗಳು ತಾನೆ' ಅಂತ ಬೇಂದ್ರೆ, ಕುವೆಂಪು ಕವಿತೆ ಎತ್ತಿಕೊಂಡು ರಾಕ್ ಮಾಡೋರು ಬಹಳ. ಭಾರತದ ಕಾಯ್ದೆ ಪ್ರಕಾರ ಕೃತಿಸ್ವಾಮ್ಯ ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ ಅನುಮತಿ ಬೇಕು. ಕುವೆಂಪು 1994, ಅಂದರೆ 2054ರ ಕೊನೆ. ಶಿಶುನಾಳ ಷರೀಫರ ಪದ, ವಚನ, ದಾಸರ ಪದಗಳ ಮೇಲೆ ಆ ಹಕ್ಕಿಲ್ಲ, ಆದರೆ ಷರೀಫರ ಪದಕ್ಕೆ ಸಿ. ಅಶ್ವಥ್ ಹಾಕಿದ ರಾಗ ಅಶ್ವಥ್ ಅವರದೇ. ಪದ ಎಲ್ಲರದು ಅಂತ ಧಾಟಿಯನ್ನೂ ಎತ್ತೋ ಹಾಗಿಲ್ಲ. 2012ರ ತಿದ್ದುಪಡಿ ಆದ ಮೇಲೆ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಒಪ್ಪಂದದಲ್ಲಿ ಬರೆಸಿಕೊಂಡು ಕಿತ್ತುಕೊಳ್ಳೋಕೂ ಬರಲ್ಲ. ಓಪನ್ ಸೋರ್ಸ್ ಲೈಸೆನ್ಸಿನ ಒಂದೊಂದು ಅಕ್ಷರ ಓದುವ ಜಾತಿಯವರಾದ ನಮಗೆ ಇದು ಕಷ್ಟದ ವಿಷಯವೇನಲ್ಲ.

ಕೊನೆಗೆ ದುಡ್ಡಿನ ಮಾತು. ನಿಜವಾದ ಜಗಳ ಇರೋದೇ ಇಲ್ಲಿ. ವಾದ್ಯದವರಿಗೆ ಹೋಗುವ ವಾಟ್ಸಾಪ್ ಮೆಸೇಜು ಸಾಮಾನ್ಯವಾಗಿ ಹೀಗಿರುತ್ತೆ: 'ಸರ್, ಒಂದು ಚಿಕ್ಕ ಇಂಡಿಪೆಂಡೆಂಟ್ ಪ್ರಾಜೆಕ್ಟ್, ಬಜೆಟ್ ಇಲ್ಲ, ಯೂಟ್ಯೂಬ್ ಡಿಸ್ಕ್ರಿಪ್ಷನ್‌ನಲ್ಲಿ ನಿಮ್ಮ ಹೆಸರು ಹಾಕ್ತೀವಿ, ಒಳ್ಳೇ ಎಕ್ಸ್‌ಪೋಶರ್ ಸಿಗುತ್ತೆ.' ಬಜೆಟ್ ಇಲ್ಲ ಅಂದವರ ಮೇಜಿನ ಮೇಲೆ ಮೈಕು, ಇಂಟರ್‌ಫೇಸು, ಸ್ಪೀಕರು, ಪ್ಲಗಿನ್ ಎಲ್ಲ ಸೇರಿ ಲಕ್ಷ ರೂಪಾಯಿ ಮಾಲು ಇರುತ್ತೆ. ಅಂದರೆ ಬಜೆಟ್ ಇತ್ತು, ಕೊರಿಯರ್ ಬಾಕ್ಸಿನಲ್ಲಿ ಬರೋದಕ್ಕೆ ಇತ್ತು, ನಡೆದು ಬರೋ ಮನುಷ್ಯರಿಗೆ ಇರಲಿಲ್ಲ. ಮೈಕಿನ ಕಂಪನಿಗೆ 'ಫ್ರೀಯಾಗಿ ಕೊಡಿ, ವಿಡಿಯೋದಲ್ಲಿ ನಿಮ್ಮ ಲೋಗೋ ಕಾಣುತ್ತೆ' ಅಂತ ಯಾರೂ ಬರೆಯಲ್ಲ. ನಮ್ಮನ್ನೇ ಯಾರಾದರೂ 'ಮೂರು ತಿಂಗಳು ಕೋಡ್ ಬರೆದುಕೊಡಿ, ಎಬೌಟ್ ಪೇಜಿನಲ್ಲಿ ಹೆಸರು ಹಾಕ್ತೀವಿ' ಅಂದರೆ ಸ್ಕ್ರೀನ್‌ಶಾಟ್ ತೆಗೆದು ಲಿಂಕ್ಡ್‌ಇನ್‌ನಲ್ಲಿ ಮಾನ ಹರಾಜು ಹಾಕ್ತೀವಿ.

ಆಕಾಶವಾಣಿಯನ್ನು ಹಳೇ ಕಾಲದ್ದು ಅಂತ ನಗೋರಿದ್ದಾರೆ. ಆ ಆಕಾಶವಾಣಿಯಲ್ಲಿ ಧ್ವನಿಪರೀಕ್ಷೆ ಇತ್ತು, ಕಲಾವಿದರಿಗೆ ಬಿ, ಬಿ ಹೈ, ಎ, ಟಾಪ್ ಅಂತ ಶ್ರೇಣಿ ಇತ್ತು, ಶ್ರೇಣಿಗೆ ತಕ್ಕ ಸಂಭಾವನೆ ಇತ್ತು, ಪಕ್ಕವಾದ್ಯದವರಿಗೂ ಇತ್ತು. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ರಾಗದಲ್ಲಿ 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದು ಭಾವಗೀತೆ ಮನೆಮನೆಗೆ ಹೋಯ್ತು. ಆ ಪರಂಪರೆ ನಿಂತದ್ದು ತಬಲ, ಕೊಳಲು, ಮ್ಯಾಂಡೊಲಿನ್ ನುಡಿಸಿ ಸಂಸಾರ ನಡೆಸಬಲ್ಲ ಜನ ಈ ಊರಿನಲ್ಲಿ ಇದ್ದಾರೆ ಅನ್ನೋದರ ಮೇಲೆ. 2020ರ ಲಾಕ್‌ಡೌನಿನಲ್ಲಿ ಮದುವೆ ವಾಲಗ, ಗಣೇಶನ ಆರ್ಕೆಸ್ಟ್ರಾ, ಕಛೇರಿ ಎಲ್ಲ ಒಟ್ಟಿಗೆ ನಿಂತಾಗ ಅವರ ಮನೆ ಒಲೆ ಏನಾಯ್ತು ಅಂತ ಕೇಳಿದವರು ಕಡಿಮೆ. ಹೋಮ್ ಸ್ಟುಡಿಯೋ ಸಾಮಾನು ಕೊಳ್ಳೋಕೆ ನಮ್ಮಂಥವರು ಮುಗಿಬಿದ್ದದ್ದೂ ಅದೇ ವರ್ಷಗಳಲ್ಲಿ. ಮಗನಿಗೆ ಮೃದಂಗ ಬೇಡ, ಕೋಡಿಂಗ್ ಕಲಿಸ್ತೀನಿ ಅಂತ ಒಬ್ಬ ಮೃದಂಗದವರು ತೀರ್ಮಾನ ಮಾಡಿದರೆ ನಷ್ಟ ಆ ಮನೆಗೆ ಮಾತ್ರ ಅಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ನಮ್ಮ ಮಕ್ಕಳ ಮೈಕಿನ ಮುಂದೆ ಕೂರೋಕೆ ಯಾರೂ ಇರಲ್ಲ, ಇವತ್ತಿನ ಫೋಲ್ಡರೇ ಗತಿ.

ಹಾಗಾಗಿ ಹೋಮ್ ಸ್ಟುಡಿಯೋ ಕಟ್ಟುವ ಎಲ್ಲ ಗೆಳೆಯ ಗೆಳತಿಯರಿಗೆ ನನ್ನ ಸರಳ ಲೆಕ್ಕ: ಸಾಮಾನಿಗೆ ಹಾಕುವ ಪ್ರತಿ ರೂಪಾಯಿಗೆ ಒಂದು ರೂಪಾಯಿ ಮನುಷ್ಯರಿಗೆ. ಒಂದು ಲಕ್ಷ ಇದ್ದರೆ ಐವತ್ತು ಸಾವಿರದಲ್ಲಿ ಬೇಕಾದಷ್ಟು ಒಳ್ಳೆಯ ಸಾಮಾನು ಬರುತ್ತೆ. ಆಡಾಸಿಟಿ ಪುಕ್ಕಟೆ, ರೀಪರ್ 60 ಡಾಲರ್, ಎರಡು ಮೈಕು ಸಾಕು, ಫೋಮು ಬೇಡ. ಉಳಿದ ಐವತ್ತು ಸಾವಿರಕ್ಕೆ ಮೂರೋ ನಾಲ್ಕೋ ಹಾಡಿಗೆ ವಾದ್ಯದವರನ್ನು ಕರೆಯಿರಿ. ಎಷ್ಟು ತಗೋತೀರಿ ಅಂತ ಮೊದಲೇ ಕೇಳಿ, ಚೌಕಾಸಿ ಮಾಡಬೇಡಿ, ಆಟೋ ಖರ್ಚು ಬೇರೆ ಕೊಡಿ. ಹೆಸರನ್ನು ತಪ್ಪಿಲ್ಲದೆ ಹಾಕಿ, ಅದು ಸಂಬಳ ಅಲ್ಲ, ಮರ್ಯಾದೆ. ಕೋಣೆಯಲ್ಲಿ ಇನ್ನೂ ಎರಡು ಕುರ್ಚಿ ಇಡಿ. ಕೊನೇ ಟೇಕ್ ಮುಗಿದು ಅವರು ವಾದ್ಯವನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಫೋನ್ ತೆಗೆದು ದುಡ್ಡು ಕಳಿಸಿ. ಬಂತಾ ಸರ್, ಬಂತಾ ಮೇಡಂ ಅಂತ ಕೇಳಿ, ಹೂಂ ಅಂದ ಮೇಲೆ ಕಾಫಿ ಕೊಡಿ. ಮಿಕ್ಸಿಂಗ್ ಆಮೇಲೆ ಮಾಡ್ಕೋಬಹುದು.